ತೋರುಬೆರಳಿನ ಸಂಗೀತ

ಸ್ವಂತದ್ದು ಎನ್ನಬಹುದಾದ ಆಲ್ಬಂ ಒಂದೇ ಒಂದು. ಎರಡನೆಯದು, ವಯಸ್ಸಾದ ಕಾದಂಬರಿಕಾರನೊಬ್ಬನ ಓದಿಗೆ ಹೊಸೆದುಕೊಟ್ಟ ಸಂಗೀತ. ಶುರುವಿನಿಂದ ಮುಕ್ತಾಯದವರೆಗೆ ಹಿಡಿದರೆ ಮೂರು ವರ್ಷದ ಬಾಳು. ಸ್ಯಾನ್ ಫ್ರಾನ್ಸಿಸ್ಕೊದ ‘ಡಿಸ್ಪೋಸಬಲ್ ಹೀರೋಸ್ ಆಫ್ ಹಿಪ್‌ಹಾಪ್ರಿಸಿ’ ತಂಡ ಬಿಟ್ಟುಹೋದ ಆಸ್ತಿ ಹೆಚ್ಚುಕಡಿಮೆ ಇಷ್ಟೇ. ಹಿಪ್‌ಹಾಪ್ ಮತ್ತು ಸೋಗಲಾಡಿತನ ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಇಟ್ಟುಕೊಂಡ ಹೆಸರು ಅದು. ಹಾಡುಗಳು ಹೋಗಲಿ, ಹೆಸರೇ ಜಗಳಕ್ಕೆ ಕರೆಯುವಂತಿತ್ತು. ಜಗಳ ಇವತ್ತಿಗೂ ಮುಗಿದಿಲ್ಲ.

ಈ ತಂಡದ ಬಗ್ಗೆ ಮೂವತ್ತು ವರ್ಷಗಳಿಂದ ಎರಡು ಮಾತು ಓಡಾಡುತ್ತಿವೆ. ಒಂದು: ಇದು ರ‍್ಯಾಪ್ ಅಲ್ಲ, ತಾಳ ಹಾಕಿದ ಭಾಷಣ, ಕಾಲೇಜು ರೇಡಿಯೊ ಕೇಳುವ ಹುಡುಗರಿಗೂ ಪತ್ರಿಕೆಗಳ ವಿಮರ್ಶಕರಿಗೂ ಹಿತವಾಗುವಂಥ ಸದ್ಬುದ್ಧಿಯ ಸರಕು. ಇನ್ನೊಂದು: ರ‍್ಯಾಪ್ ತನ್ನನ್ನು ತಾನೇ ತರಾಟೆಗೆ ತೆಗೆದುಕೊಳ್ಳಬಲ್ಲದು ಎಂದು ತೋರಿಸಿಕೊಟ್ಟ ಅಪರೂಪದ ಪ್ರಯೋಗ ಇದು; ಕಾಲ ಅದಕ್ಕೆ ತಯಾರಿರಲಿಲ್ಲ, ಅಷ್ಟೆ. ಎರಡನ್ನೂ ಹೇಳುವವರು ಸಂಗೀತ ಬಲ್ಲವರೇ. ಎರಡಕ್ಕೂ ಸಾಕ್ಷಿಯಿದೆ. ಹಾಗಾಗಿ ಪಕ್ಷ ವಹಿಸುವ ಮುನ್ನ ಸಾಕ್ಷಿಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ನೋಡುವುದು ಒಳ್ಳೆಯದು.

ತಂಡದಲ್ಲಿ ಮಾತು ಮೈಕೆಲ್ ಫ್ರಾಂಟಿಯದು, ಸದ್ದು ರೋನೊ ತ್ಸೆಯದು. ಫ್ರಾಂಟಿ 1966ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಹುಟ್ಟಿದವನು. ಕಪ್ಪು, ಬಿಳಿ, ಮೂಲನಿವಾಸಿ ಎಂದು ಹಲವು ರಕ್ತ ಕೂಡಿದ ಆ ಕೂಸನ್ನು ಫಿನ್ಲೆಂಡ್ ಮೂಲದ ಅಮೆರಿಕನ್ ಕುಟುಂಬವೊಂದು ದತ್ತು ತೆಗೆದುಕೊಂಡಿತು. ಬೆಳೆದದ್ದು ಡೇವಿಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ. ಆರೂವರೆ ಅಡಿಯ ಆಳು ಬಾಸ್ಕೆಟ್‌ಬಾಲ್ ಆಡಿಕೊಂಡು ಯೂನಿವರ್ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ ಸೇರಿದ. ಅಲ್ಲಿನ ಕ್ಯಾಂಪಸ್ ರೇಡಿಯೊ ಕೆಯುಎಸ್‌ಎಫ್‌ನ ನೆರೆಯಲ್ಲಿದ್ದುಕೊಂಡು ಪಂಕ್, ರೆಗೆ, ರ‍್ಯಾಪ್ ಮೂರಕ್ಕೂ ಕಿವಿಗೊಟ್ಟ. ಚೀನೀ ಮೂಲದ ತ್ಸೆಗೆ ತಾಳವಾದ್ಯವೆಂದರೆ ಬರೀ ಡ್ರಮ್ ಅಲ್ಲ. ಸರಪಳಿ, ಕಬ್ಬಿಣದ ಚೂರು, ಲೋಹಕ್ಕೆ ಒತ್ತಿದರೆ ಕಿಡಿ ಹಾರಿಸುವ ಗ್ರೈಂಡರ್ ಎಲ್ಲವೂ ಸೈ.

ಇಬ್ಬರೂ ಮೊದಲು ಜೊತೆಯಾಗಿದ್ದು ‘ಬೀಟ್‌ನಿಗ್ಸ್’ ಎಂಬ ತಂಡದಲ್ಲಿ. 1988ರಲ್ಲಿ ಅದರ ಒಂದೇ ಆಲ್ಬಂ ಬಂತು. ಹೊರತಂದದ್ದು ಡೆಡ್ ಕೆನಡೀಸ್ ಪಂಕ್ ತಂಡದ ಜೆಲ್ಲೊ ಬಿಯಾಫ್ರಾ ನಡೆಸುತ್ತಿದ್ದ ‘ಆಲ್ಟರ್ನೇಟಿವ್ ಟೆಂಟಕಲ್ಸ್’ ಸಂಸ್ಥೆ. ಪಂಕ್‌ನ ರೋಷ, ಟೇಪಿನಿಂದ ಕತ್ತರಿಸಿದ ಸುದ್ದಿವಾಚನ, ವೇದಿಕೆಯ ಮೇಲೆ ಕಬ್ಬಿಣಕ್ಕೆ ತಾಗುವ ಗರಗಸ: ಇವು ಅದರ ಬಂಡವಾಳ. ಇಂಥದಕ್ಕೆ ಆಗಲೇ ಒಂದು ವಂಶಾವಳಿ ಇತ್ತು. ಇಂಗ್ಲೆಂಡಿನ ಥ್ರಾಬಿಂಗ್ ಗ್ರಿಸಲ್ 1976ರಲ್ಲಿ ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’ ಎಂಬ ಸಂಸ್ಥೆ ತೆರೆದು ಒಂದು ಪ್ರಕಾರಕ್ಕೇ ಹೆಸರು ಕೊಟ್ಟಿತ್ತು. ಬರ್ಲಿನ್‌ನ ಐನ್‌ಷ್ಟುರ್ತ್ಸೆಂಡೆ ನೊಯ್‌ಬೌಟನ್ 1980ರಿಂದ ಡ್ರಿಲ್ಲು, ತಗಡುಗಳನ್ನು ವಾದ್ಯ ಮಾಡಿಕೊಂಡಿತ್ತು. ಇನ್ನು ಹಿಪ್‌ಹಾಪ್ ಜೊತೆಗಿನ ಕೊಂಡಿಯನ್ನು ಲಂಡನ್ನಿನ ಏಡ್ರಿಯನ್ ಷರ್ವುಡ್ ಬೆಸೆದಿದ್ದ. ರ‍್ಯಾಪ್‌ನ ಮೊದಲ ದೊಡ್ಡ ಸಂಸ್ಥೆ ಷುಗರ್‌ಹಿಲ್‌ನಲ್ಲಿ ನುಡಿಸುತ್ತಿದ್ದ ಕೀತ್ ಲಬ್ಲಾಂಕ್, ಡಗ್ ವಿಂಬಿಷ್, ಸ್ಕಿಪ್ ಮೆಕ್‌ಡೊನಾಲ್ಡ್ ಆತನೊಡನೆ ಸೇರಿ ‘ಟ್ಯಾಕ್‌ಹೆಡ್’ ಆದರು. ಬೀಟ್‌ನಿಗ್ಸ್ ಹಾಡೊಂದನ್ನು ಷರ್ವುಡ್ ಮರುಮಿಶ್ರಣ ಮಾಡಿಕೊಟ್ಟದ್ದೂ ಉಂಟು. ಹೀಗಾಗಿ ಹೀರೋಸ್ ತಂಡ ಶೂನ್ಯದಿಂದ ಉದುರಿತು ಎಂಬ ಅಭಿಮಾನಿಗಳ ಮಾತು ಸಲ್ಲದು. ಇದಕ್ಕೆ ಹಿಪ್‌ಹಾಪ್‌ನೊಂದಿಗೆ ನಂಟೇ ಇಲ್ಲ ಎಂಬ ಟೀಕಾಕಾರರ ಮಾತೂ ಸಲ್ಲದು.

ಬೀಟ್‌ನಿಗ್ಸ್ ಮುರಿದ ಮೇಲೆ ಫ್ರಾಂಟಿ, ತ್ಸೆ ಇಬ್ಬರೇ ಉಳಿದು 1990ರ ಸುಮಾರಿಗೆ ಹೊಸ ತಂಡ ಕಟ್ಟಿದರು. ಗಿಟಾರಿಗೆ ಚಾರ್ಲಿ ಹಂಟರ್ ಎಂಬ ಜಾಝ್ ಹುಡುಗ ಸಿಕ್ಕ. ‘ಕನ್ಸಾಲಿಡೇಟೆಡ್’ ತಂಡದ ಮಾರ್ಕ್ ಪಿಸ್ಟೆಲ್, ‘ಮೀಟ್ ಬೀಟ್ ಮ್ಯಾನಿಫೆಸ್ಟೊ’ದ ಜ್ಯಾಕ್ ಡೇಂಜರ್ಸ್ ಧ್ವನಿಮುದ್ರಣಕ್ಕೆ ಕೈಜೋಡಿಸಿದರು. 1992ರಲ್ಲಿ ‘ಹಿಪಾಕ್ರಿಸಿ ಈಸ್ ದಿ ಗ್ರೇಟೆಸ್ಟ್ ಲಕ್ಷುರಿ’ ಹೊರಬಿತ್ತು. 13 ಹಾಡು. ಪ್ರಕಾಶಕರು ಐಲೆಂಡ್ ಸಂಸ್ಥೆಯ ಉಪಶಾಖೆ ‘ಫೋರ್ತ್ ಅಂಡ್ ಬ್ರಾಡ್‌ವೇ’. ಪಂಕ್ ಸಂಸ್ಥೆಯ ಹಿತ್ತಲಿನಿಂದ ದೊಡ್ಡ ಕಂಪನಿಯ ಅಂಗಳಕ್ಕೆ ಬಂದಾಯಿತು. ವಾದ ಶುರುವಾಗುವುದೂ ಇಲ್ಲಿಂದಲೇ.

ದೂರು ಹೇಳುವವರ ಮಾತು ಮೊದಲು. ಆಲ್ಬಂನ ವಿಷಯಗಳನ್ನು ಪಟ್ಟಿ ಮಾಡಿ ನೋಡಿ ಎನ್ನುತ್ತಾರೆ ಅವರು: ಟಿ.ವಿ., ಸೆನ್ಸಾರ್, ಕೊಲ್ಲಿ ಯುದ್ಧ, ಮಾಲಿನ್ಯ, ಸಾಲ, ವಲಸೆ, ಜನಾಂಗ. ಸಮಾಜಶಾಸ್ತ್ರದ ಪಠ್ಯಪುಸ್ತಕದ ಪರಿವಿಡಿಯ ಹಾಗಿದೆ. ಫ್ರಾಂಟಿಯದು ತಗ್ಗಿನ, ಘನವಾದ ದನಿ. ಗಿಲ್ ಸ್ಕಾಟ್ ಹೆರನ್‌ನನ್ನು ಕೇಳಿದವರಿಗೆ ಅದು ಎಲ್ಲಿಂದ ಬಂತೆಂದು ತಕ್ಷಣ ಗೊತ್ತಾಗುತ್ತದೆ. ಆದರೆ ರ‍್ಯಾಪ್‌ನ ಕಸುಬು ದನಿಯಲ್ಲಷ್ಟೇ ಇಲ್ಲ. ಪ್ರಾಸವನ್ನು ಸಾಲಿನ ತುದಿಯಿಂದ ಬಿಡಿಸಿ ನಡುವೆ ಎಲ್ಲೆಲ್ಲೋ ಹೊಂಚಿಡುವುದರಲ್ಲಿದೆ, ತಾಳಕ್ಕಿಂತ ಕೂದಲೆಳೆ ಹಿಂದೆಯೋ ಮುಂದೆಯೋ ನಡೆಯುವುದರಲ್ಲಿದೆ. ರಕೀಮ್‌ನಂಥವರು 1980ರ ದಶಕದ ಕೊನೆಯಲ್ಲೇ ಈ ಕಸುಬನ್ನು ಎಲ್ಲಿಗೋ ಒಯ್ದಿದ್ದರು. ಫ್ರಾಂಟಿ ಮಾತ್ರ ಸಾಲಿನ ಮೇಲೆ ಸಾಲು ಪೇರಿಸುತ್ತ, ತಾಳದ ಮೇಲೆ ಹೆಜ್ಜೆ ಊರುತ್ತ, ಪ್ರತಿ ಮಾತನ್ನೂ ಸ್ಪಷ್ಟವಾಗಿ ಉಚ್ಚರಿಸುತ್ತ ಹೋಗುತ್ತಾನೆ. ಕೊಲ್ಲಿ ಯುದ್ಧದ ಕುರಿತ ‘ದಿ ವಿಂಟರ್ ಆಫ್ ದಿ ಲಾಂಗ್ ಹಾಟ್ ಸಮರ್’ ಅಂತೂ ಘಟನೆಯ ಬೆನ್ನಿಗೆ ಘಟನೆ ಪೋಣಿಸುವ ವರದಿ. ಒಂದು ಸಲ ಕೇಳಿದರೆ ವಿಷಯ ತಿಳಿಯುತ್ತದೆ. ಎರಡನೇ ಸಲ ಕೇಳಲು ಕಾರಣ ಬೇಕಾಗುತ್ತದೆ.

ರಾಜಕೀಯ ಹೇಳಿದ್ದಕ್ಕೇ ಜನ ಕೇಳಲಿಲ್ಲ ಎಂಬ ಸಮಾಧಾನವನ್ನೂ ದೂರುದಾರರು ಒಪ್ಪುವುದಿಲ್ಲ. ಅವರ ಉದಾಹರಣೆಗಳು ಗಟ್ಟಿಯಾಗಿವೆ. ಅದೇ 1992ರಲ್ಲಿ ಅಟ್ಲಾಂಟಾದ ‘ಅರೆಸ್ಟೆಡ್ ಡೆವಲಪ್‌ಮೆಂಟ್’ ಸಾಮಾಜಿಕ ಕಾಳಜಿಯ ರ‍್ಯಾಪ್ ಮಾಡಿ ಮನೆಮಾತಾಯಿತು, ಗ್ರ್ಯಾಮಿಯನ್ನೂ ಗೆದ್ದಿತು. ಅದೇ ವರ್ಷದ ನವೆಂಬರಿನಲ್ಲಿ ‘ರೇಜ್ ಅಗೇನ್ಸ್ಟ್ ದಿ ಮಷೀನ್’ ಮೊದಲ ಆಲ್ಬಂ ತಂದಿತು. ಅದರ ಘೋಷಣೆಗಳು ಫ್ರಾಂಟಿಯ ಮಾತಿಗಿಂತ ಒರಟು, ಆದರೆ ಗಿಟಾರಿನ ಏಟಿಗೆ ಮೈ ತಾನಾಗಿ ಕುಣಿಯುತ್ತಿತ್ತು. ಇನ್ನೂ ಹತ್ತಿರದ ಸಾಕ್ಷಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದ ಓಕ್ಲೆಂಡ್‌ನಲ್ಲಿತ್ತು. ಬೂಟ್ಸ್ ರೈಲಿಯ ‘ದಿ ಕೂ’ 1993ರಲ್ಲಿ ‘ಕಿಲ್ ಮೈ ಲ್ಯಾಂಡ್‌ಲಾರ್ಡ್’ ತಂದಿತು. ಬಾಯಿಬಿಟ್ಟು ಹೇಳಿದ ಕಮ್ಯುನಿಸಂ, ಆದರೆ ಫಂಕ್ ತಾಳ, ಓಣಿಯ ಹಾಸ್ಯ, ಬಾಡಿಗೆ ಕೊಡಲಾಗದವನ ಕುಹಕ. ಆ ತಂಡ ದಶಕಗಳ ಕಾಲ ಬಾಳಿತು. ರಾಜಕೀಯದ ಭಾರವನ್ನು ಹೊರುವ ಕಾಲು ಇದ್ದರೆ ಹಾಡು ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮೂರನೆಯ ಆರೋಪ ತಂಡದ ಹೆಸರಾಂತ ಹಾಡಿನ ಮೇಲೇ ಇದೆ. ‘ಟೆಲಿವಿಷನ್, ದಿ ಡ್ರಗ್ ಆಫ್ ದಿ ನೇಷನ್’ ಬೀಟ್‌ನಿಗ್ಸ್ ಕಾಲದ್ದು. ಹೀರೋಸ್ ಅದನ್ನು ನಿಧಾನಗೊಳಿಸಿ, ಬೇಸ್ ತುಂಬಿ ಮತ್ತೆ ಹಾಡಿದರು. ಟಿ.ವಿ. ದೇಶವನ್ನು ಅಮಲಿಗೆ ಕೆಡವಿದೆ ಎಂಬುದು ಅದರ ಒಟ್ಟು ದೂರು. ಆದರೆ 1991ರ ಮಾರ್ಚಿನಲ್ಲಿ ಲಾಸ್ ಏಂಜಲೀಸ್‌ನ ಪೊಲೀಸರು ರಾಡ್ನಿ ಕಿಂಗ್‌ನನ್ನು ಬಡಿದದ್ದು ಜಗತ್ತಿಗೆ ಗೊತ್ತಾದದ್ದು ಅಲ್ಲೇ ಹತ್ತಿರದ ನಿವಾಸಿಯೊಬ್ಬ ತೆಗೆದ ವಿಡಿಯೊ ಟಿ.ವಿ.ಯಲ್ಲಿ ಬಂದದ್ದರಿಂದ. 1992ರ ಏಪ್ರಿಲ್ 29ರಂದು ಆ ಪೊಲೀಸರ ಬಿಡುಗಡೆಯಾಗಿ ನಗರ ಹೊತ್ತಿ ಉರಿದಾಗ, 50ಕ್ಕೂ ಹೆಚ್ಚು ಜನ ಸತ್ತಾಗ, ಟಿ.ವಿ. ಅಮಲೂ ಆಗಿತ್ತು, ಸಾಕ್ಷಿಯೂ ಆಗಿತ್ತು. ಹಾಡಿನಲ್ಲಿ ಈ ಎರಡನೆಯ ಮುಖಕ್ಕೆ ಜಾಗವಿಲ್ಲ. ಇದಕ್ಕೆ ಸಮರ್ಥಕರಲ್ಲಿ ಉತ್ತರವಿಲ್ಲದಿಲ್ಲ: ಅದೇ ವಿಡಿಯೊವನ್ನು ನ್ಯಾಯಾಲಯದಲ್ಲಿ ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ತೋರಿಸಿ ಏಟಿನ ಅರ್ಥವನ್ನೇ ಕರಗಿಸಿದರಲ್ಲ, ಕಂಡದ್ದನ್ನು ಕಾಣದಂತೆ ಮಾಡುವ ಆ ವಿದ್ಯೆಯೇ ಫ್ರಾಂಟಿಯ ವಸ್ತು ಎನ್ನುತ್ತಾರೆ. ಮಾತು ಚುರುಕಾಗಿದೆ. ಆದರೂ ಅಷ್ಟು ಸೂಕ್ಷ್ಮ ಹಾಡಿನಲ್ಲಿಲ್ಲ. ಕೇಳುಗ ಆಮೇಲೆ ತಂದು ತುಂಬಿದ್ದು ಅದು.

ಈಗ ಸಮರ್ಥಕರ ಸರದಿ. ‘ಇದು ರ‍್ಯಾಪ್ ಅಲ್ಲ, ಭಾಷಣ’ ಎನ್ನುವವರಿಗೆ ಅವರು ಇತಿಹಾಸ ನೆನಪಿಸುತ್ತಾರೆ. ಬ್ರಾಂಕ್ಸ್‌ನ ಪಾರ್ಟಿಗಳಲ್ಲಿ ಹಿಪ್‌ಹಾಪ್ ಹುಟ್ಟುವ ಮೊದಲೇ ಹಾರ್ಲೆಮ್‌ನ ಲಾಸ್ಟ್ ಪೊಯೆಟ್ಸ್, ಲಾಸ್ ಏಂಜಲೀಸ್‌ನ ವಾಟ್ಸ್ ಪ್ರಾಫೆಟ್ಸ್, ಗಿಲ್ ಸ್ಕಾಟ್ ಹೆರನ್ ಇವರೆಲ್ಲ ಡೋಲಿನ ಜೊತೆ ಮಾತಾಡಿದ್ದರು. ರ‍್ಯಾಪ್‌ನ ಒಂದು ಬೇರು ಕುಣಿತದಲ್ಲಿದ್ದರೆ ಇನ್ನೊಂದು ಬೇರು ಇಂಥ ಮಾತಿನಲ್ಲೇ ಇದೆ. ಎರಡನೆಯ ಬೇರನ್ನು ಹಿಡಿದು ಹೊರಟವನನ್ನು ಮೊದಲನೆಯದರ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ. ಈ ವಾದ ಅರ್ಧ ನಿಲ್ಲುತ್ತದೆ. ವಂಶ ದೊಡ್ಡದು ಎಂದಮಾತ್ರಕ್ಕೆ ಮಗನ ಕಸುಬು ತಾನಾಗಿ ದೊಡ್ಡದಾಗುವುದಿಲ್ಲವಲ್ಲ. ಸ್ಕಾಟ್ ಹೆರನ್‌ನ ಮಾತಿನಲ್ಲಿ ನಗುವೂ ತುಂಟತನವೂ ಇದ್ದವು. ಅವನ್ನು ಫ್ರಾಂಟಿ ಹೆಚ್ಚು ಎರವಲು ತಂದಿಲ್ಲ.

ಸಮರ್ಥಕರ ಬಲವಾದ ಸಾಕ್ಷಿ ಬೇರೆ ಕಡೆಯಿದೆ. ‘ಲ್ಯಾಂಗ್ವೇಜ್ ಆಫ್ ವಯಲೆನ್ಸ್’ ಹಾಡಿನಲ್ಲಿ ಶಾಲೆಯ ಹುಡುಗನೊಬ್ಬನನ್ನು ಸಲಿಂಗಿಯೆಂದು ಹೀಯಾಳಿಸುವ ಗುಂಪು ಕೊನೆಗೆ ಹೊಡೆದು ಕೊಲ್ಲುತ್ತದೆ. ಕೊಂದವರಲ್ಲಿ ಒಬ್ಬ ಸೆರೆಮನೆಗೆ ಹೋಗುತ್ತಾನೆ. ಅಲ್ಲಿ ತಾನು ಬಳಸಿದ ಬೈಗುಳವೂ ಹಿಂಸೆಯೂ ತನ್ನ ಮೈಮೇಲೇ ಬರುತ್ತವೆ. ಸಲಿಂಗಿಗಳನ್ನು ಆಡಿಕೊಳ್ಳುವುದು ರ‍್ಯಾಪ್‌ನಲ್ಲಿ ಮಾಮೂಲಾಗಿದ್ದ ಕಾಲದಲ್ಲಿ ಬಂದ ಹಾಡು ಇದು. ವಯೋಮಿಂಗ್‌ನಲ್ಲಿ ಮ್ಯಾಥ್ಯೂ ಷೆಪರ್ಡ್ ಎಂಬ ವಿದ್ಯಾರ್ಥಿಯ ಕೊಲೆ ಅಮೆರಿಕವನ್ನು ಅಲುಗಿಸಿದ್ದು 1998ರಲ್ಲಿ. ಮ್ಯಾಕ್ಲ್‌ಮೋರ್‌ನ ‘ಸೇಮ್ ಲವ್’ ಹಿಪ್‌ಹಾಪ್‌ನೊಳಗೆ ಈ ಮಾತನ್ನು ಜನಪ್ರಿಯಗೊಳಿಸಿದ್ದು 2012ರಲ್ಲಿ, ಸರಿಯಾಗಿ 20 ವರ್ಷದ ನಂತರ. ಇಷ್ಟು ಮುಂಚಿತವಾಗಿ, ತಮ್ಮದೇ ಮನೆಯೊಳಗಿನ ಕಸವನ್ನು ಎತ್ತಿ ತೋರಿಸಿದ ಧೈರ್ಯಕ್ಕೆ ಬೆಲೆ ಕೊಡಲೇಬೇಕು. ಆದರೆ ಇದೇ ಹಾಡಿನ ಮೇಲೊಂದು ಆಕ್ಷೇಪ ಎತ್ತಲು ಸಾಧ್ಯವಿದೆ: ಸೆರೆಮನೆಯ ಲೈಂಗಿಕ ಹಿಂಸೆಯನ್ನು ಕರ್ಮಫಲದಂತೆ ತೋರಿಸಿದರೆ ಆ ಹಿಂಸೆಗೆ ಒಪ್ಪಿಗೆ ಕೊಟ್ಟಂತಾಗುವುದಿಲ್ಲವೇ? ಕಥೆ ಮುಗಿಯುವ ರೀತಿ ಈ ಅನುಮಾನಕ್ಕೆ ಆಸ್ಪದ ಕೊಡುತ್ತದೆ. ಫ್ರಾಂಟಿ ಅಪರಾಧಿಯ ಭಯದೊಳಗೂ ಇಳಿಯುತ್ತಾನೆ, ಅವನನ್ನೂ ಮನುಷ್ಯನಾಗಿ ಕಾಣಿಸುತ್ತಾನೆ ಎಂಬುದರಿಂದ ನನಗೆ ಆ ಆಕ್ಷೇಪ ಪೂರ್ತಿ ಒಪ್ಪಿಗೆಯಾಗಿಲ್ಲ, ತಳ್ಳಿಹಾಕುವಂಥದ್ದೂ ಅಲ್ಲ.

ಹಾಡುಗಳು ಹಳಸಿವೆ ಎಂಬ ದೂರಿಗೂ ಎರಡು ಮುಖ. ಡೆಡ್ ಕೆನಡೀಸ್‌ನ ‘ಕ್ಯಾಲಿಫೋರ್ನಿಯಾ ಊಬರ್ ಆಲೆಸ್’ 1979ರದು. ಗುರಿ ಅಂದಿನ ಗವರ್ನರ್ ಜೆರ್ರಿ ಬ್ರೌನ್. ಡೆಡ್ ಕೆನಡೀಸ್‌ನವರೇ 1981ರಲ್ಲಿ ಅದನ್ನು ರೇಗನ್ ಕಡೆಗೆ ತಿರುಗಿಸಿ ಬರೆದರು. ಹೀರೋಸ್ ಅದನ್ನು ಹೊಸ ಗವರ್ನರ್ ಪೀಟ್ ವಿಲ್ಸನ್‌ಗೆ ಹೊಂದಿಸಿ ಹಾಡಿದರು. ವಿಲ್ಸನ್ ಯಾರೆಂದು ಇಂದಿನ ಕೇಳುಗನಿಗೆ ಹೇಳಿಕೊಡಬೇಕು. ಬ್ರೌನ್ ಮಾತ್ರ 2011ರಲ್ಲಿ ಮತ್ತೆ ಗವರ್ನರ್ ಆಗಿ ಎಂಟು ವರ್ಷ ಆಳಿದ. ಹೆಸರು ಹಿಡಿದು ಬೈಯುವ ಹಾಡಿನ ಆಯುಸ್ಸು ಎಷ್ಟೆಂದು ಇದು ತೋರಿಸುತ್ತದೆ. ಅತ್ತ ಇನ್ನೊಂದು ಲೆಕ್ಕವೂ ಇದೆ: ದಾಖಲೆಯಿಲ್ಲದ ವಲಸಿಗರಿಗೆ ಶಾಲೆ, ಆಸ್ಪತ್ರೆಗಳ ಬಾಗಿಲು ಮುಚ್ಚುವ ‘ಪ್ರಪೊಸಿಷನ್ 187’ಕ್ಕೆ ವಿಲ್ಸನ್ ಬೆಂಬಲವಾಗಿ ನಿಂತದ್ದು 1994ರಲ್ಲಿ. ಗ್ರೀನ್‌ಕಾರ್ಡ್ ಸಂಖ್ಯೆಯನ್ನೇ ಶೀರ್ಷಿಕೆ ಮಾಡಿಕೊಂಡ ತುಣುಕೊಂದನ್ನು ಒಳಗೊಂಡ ಆಲ್ಬಂ ಅದಕ್ಕೆ ಎರಡು ವರ್ಷ ಮೊದಲೇ ವಿಲ್ಸನ್‌ನ ಕಡೆ ಬೆರಳು ತೋರಿಸಿತ್ತು. ಎಚ್ಚರಿಕೆ ಸುಳ್ಳಾಗಲಿಲ್ಲ. ಆದರೆ ಎಚ್ಚರಿಕೆ ನಿಜವಾಗುವುದು ಬೇರೆ, ಹಾಡು ಉಳಿಯುವುದು ಬೇರೆ.

ಮಾತಿನ ಜಗಳದಲ್ಲಿ ಎರಡೂ ಕಡೆಯವರು ಮರೆಯುವುದು ತ್ಸೆಯನ್ನು. ‘ಟೆಲಿವಿಷನ್’ನ ಎರಡು ರೂಪಗಳನ್ನು ಪಕ್ಕಪಕ್ಕ ಇಟ್ಟು ಕೇಳಿದರೆ ತಂಡ ಮಾಡಿದ ಪ್ರಯೋಗ ಏನೆಂದು ಗೊತ್ತಾಗುತ್ತದೆ. ಬೀಟ್‌ನಿಗ್ಸ್ ರೂಪದಲ್ಲಿ ಮಾತೂ ಸದ್ದೂ ಒಂದರ ಮೇಲೊಂದು ಬಿದ್ದು ಒದ್ದಾಡುತ್ತವೆ. ಹೀರೋಸ್ ರೂಪದಲ್ಲಿ ಸದ್ದು ಹದಕ್ಕೆ ಬಂದಿದೆ. ಲೋಹದ ಏಟು ತಾಳದೊಳಗೆ ತನ್ನ ಮನೆಗೆ ಸರಿಯಾಗಿ ಬೀಳುತ್ತದೆ, ಕೆಳಗೆ ಬೇಸ್ ಉರುಳುತ್ತದೆ, ಟಿ.ವಿ.ಯ ತುಣುಕು ದನಿಗಳು ಸಂದಿಯಲ್ಲಿ ಇಣುಕುತ್ತವೆ. ಇಂಡಸ್ಟ್ರಿಯಲ್ ಸಂಗೀತ ಯಂತ್ರವನ್ನು ಭಯಕ್ಕಾಗಿ ಬಳಸುವುದೇ ಹೆಚ್ಚು. ತ್ಸೆ ಅದನ್ನು ದುಡಿಮೆಯ ಸದ್ದಾಗಿ ಕೇಳಿಸುತ್ತಾನೆ: ಗ್ಯಾರೇಜು, ವರ್ಕ್‌ಷಾಪು, ಬಂದರು. ಹೀಗೆ ಕೇಳಿದರೆ ಭಾಷಣ ಎನಿಸಿದ್ದರ ಅಡಿಯಲ್ಲಿ ಬೇರೊಂದು ವಾದ ಮಾತಿಲ್ಲದೆ ನಡೆಯುತ್ತಿರುತ್ತದೆ. ದೂರುದಾರರೂ ಒಪ್ಪಬೇಕಾದ ಅಂಶ ಇದು. ಸಮರ್ಥಕರು ಒಪ್ಪಬೇಕಾದದ್ದೂ ಒಂದಿದೆ: ಆಲ್ಬಂನ ಎಷ್ಟೋ ಕಡೆ ಮಾತು ಆ ಸದ್ದಿಗೆ ಉಸಿರಾಡಲೂ ಬಿಡುವುದಿಲ್ಲ.

ಇನ್ನು ಎಲ್ಲಕ್ಕಿಂತ ಹೆಚ್ಚು ಕಾವೇರಿಸುವ ಪ್ರಶ್ನೆ, ಯು2. ಐರ್ಲೆಂಡಿನ ಈ ದೈತ್ಯ ರಾಕ್ ತಂಡ 1992ರಲ್ಲಿ ‘ಝೂ ಟಿ.ವಿ.’ ಪ್ರವಾಸ ಹೊರಟಿತ್ತು. ವೇದಿಕೆಯ ತುಂಬ ಬೃಹತ್ ಪರದೆಗಳು, ಮಿಂಚಿ ಮರೆಯಾಗುವ ಘೋಷಣೆಗಳು, ಕೈಯಲ್ಲಿ ರಿಮೋಟ್ ಹಿಡಿದು ಚಾನೆಲ್ ತಿರುಗಿಸುವ ಬೋನೊ, ಟಿ.ವಿ.ಯ ಅತಿರೇಕವನ್ನು ಅತಿರೇಕದಿಂದಲೇ ಗೇಲಿ ಮಾಡುವ ಆಟ. ಅಮೆರಿಕದ ಕ್ರೀಡಾಂಗಣಗಳ ಸುತ್ತಿನಲ್ಲಿ ಹೀರೋಸ್ ಯು2ಗಿಂತ ಮುನ್ನ ನುಡಿಸಿದರು. ಯು2 ವೇದಿಕೆಗೆ ಬರುವ ಮುನ್ನ ‘ಟೆಲಿವಿಷನ್’ ಹಾಡನ್ನೇ ಹಾಕುತ್ತಿದ್ದರು. ಯು2 ಕೂಡ ಐಲೆಂಡ್‌ನವರು, ಐಲೆಂಡ್ 1989ರಲ್ಲೇ ಬಹುರಾಷ್ಟ್ರೀಯ ಪಾಲಿಗ್ರಾಮ್ ಪಾಲಾಗಿತ್ತು. ಓದುವುದು ಶಾಸ್ತ್ರ, ಇಕ್ಕುವುದು ಗಾಳ ಎಂದು ದೂರುದಾರರು ನಕ್ಕದ್ದು ಇದಕ್ಕೇ: ಮಾಧ್ಯಮದ ಮಂಪರನ್ನು ಬೈಯುವ ಹಾಡು ಆ ಕಾಲದ ಅತಿದೊಡ್ಡ ಮಾಧ್ಯಮ ಜಾತ್ರೆಯ ಕರೆಗಂಟೆಯಾಯಿತು. ಸಮರ್ಥಕರ ಉತ್ತರ ನೇರವಾಗಿದೆ: ಹಾಡು ಯಾರಿಗೆ ಕೇಳಿಸಬೇಕಿತ್ತೋ ಅವರು ಇದ್ದದ್ದೇ ಆ ಕ್ರೀಡಾಂಗಣಗಳಲ್ಲಿ, ಒಪ್ಪಿದವರ ಮುಂದೆಯೇ ಹಾಡಿಕೊಂಡಿರುವುದು ಯಾವ ಪುರುಷಾರ್ಥ? ತಂಡದ ಹೆಸರೇ ಈ ಆರೋಪವನ್ನು ಮುಂಗಡವಾಗಿ ಒಪ್ಪಿಕೊಂಡಿದೆಯಲ್ಲ ಎಂದೂ ಅವರು ಹೇಳುತ್ತಾರೆ. ಒಪ್ಪಿಕೊಂಡ ಮಾತ್ರಕ್ಕೆ ತಪ್ಪು ತೊಳೆದುಹೋಗದು. ಆದರೂ ದೊಡ್ಡ ಕಂಪನಿಯ ಹಣದಲ್ಲಿ ಬಂಡಾಯ ಹಾಡಿದ ತಪ್ಪು ಇವರೊಬ್ಬರದಲ್ಲ. ಸೋನಿಯ ಎಪಿಕ್ ಸಂಸ್ಥೆಯಲ್ಲಿದ್ದ ರೇಜ್ ತಂಡವೂ ಅದೇ ಮಾಡಿತು. ನನಗೆ ಹೆಚ್ಚು ಕಾಡುವುದು ಹಣಕ್ಕಿಂತ ದಿಕ್ಕಿನ ಪ್ರಶ್ನೆ. ಅದೇ ಊರಿನ ಕನ್ಸಾಲಿಡೇಟೆಡ್ ತಂಡ ಕಛೇರಿಯ ಕೊನೆಗೆ ಮೈಕನ್ನು ಸಭಿಕರಿಗೆ ಕೊಟ್ಟು, ಬೈದರೆ ಬೈಸಿಕೊಂಡು, ಆ ಮಾತುಗಳನ್ನು ಆಲ್ಬಂಗೂ ಸೇರಿಸುತ್ತಿತ್ತು. ಹತ್ತಾರು ಸಾವಿರ ಜನರ ಕ್ರೀಡಾಂಗಣದಲ್ಲಿ ಅದು ಆಗದ ಮಾತು. ಅಲ್ಲಿ ಹೀರೋಸ್ ಮಾಡಿದ್ದು ಟಿ.ವಿ. ಮಾಡುವುದನ್ನೇ: ಒಬ್ಬ ಹೇಳುವುದು, ಉಳಿದವರು ನೋಡುವುದು.

ಆದರೆ ಆಲ್ಬಂನ ಒಳಗೆ ಮೈಕು ತಿರುಗಿದ ಜಾಗಗಳಿವೆ. ‘ಫೇಮಸ್ ಅಂಡ್ ಡ್ಯಾಂಡಿ’ ಹಾಡು 1928ರಲ್ಲಿ ಶುರುವಾದ ‘ಏಮಸ್ ಅಂಡ್ ಆಂಡಿ’ ರೇಡಿಯೊ ಸರಣಿಯನ್ನು ನೆನೆಯುತ್ತದೆ. ಅದರಲ್ಲಿ ಇಬ್ಬರು ಬಿಳಿಯರು ಕರಿಯರ ದನಿ ಅನುಕರಿಸಿ ಇಡೀ ದೇಶವನ್ನು ನಗಿಸಿದ್ದರು. ಕೀರ್ತಿಗಾಗಿ ಅಂಥ ವೇಷವನ್ನು ಈಗ ಕಪ್ಪು ಕಲಾವಿದ ತಾನೇ ಹಾಕಿಕೊಳ್ಳುವುದನ್ನು ಫ್ರಾಂಟಿ ಹಾಡುತ್ತಾನೆ, ಆ ಆಸೆಯಿಂದ ತಾನು ಹೊರಗಿದ್ದೇನೆ ಎಂದು ನಟಿಸದೆ. ‘ಸೋಷಿಯೊ ಜೆನೆಟಿಕ್ ಎಕ್ಸ್‌ಪರಿಮೆಂಟ್’ನಲ್ಲಿ ತನ್ನ ಮಿಶ್ರ ಹುಟ್ಟೇ ವಸ್ತು. ‘ಮ್ಯೂಸಿಕ್ ಅಂಡ್ ಪಾಲಿಟಿಕ್ಸ್’ ಬರುವ ಹೊತ್ತಿಗೆ ಯಂತ್ರಗಳೆಲ್ಲ ಬಾಯಿ ಮುಚ್ಚುತ್ತವೆ. ಹಂಟರ್‌ನ ಗಿಟಾರ್, ಫ್ರಾಂಟಿಯ ದನಿ, ಅಷ್ಟೇ. ಸಂಗೀತ, ರಾಜಕೀಯ ಎರಡರ ಗುಂಗಿನಲ್ಲೇ ಮುಳುಗಿರುವವನು ಹತ್ತಿರದವರೊಡನೆ ಮನಸ್ಸು ಬಿಚ್ಚುವುದರಿಂದ ಹೇಗೆ ತಪ್ಪಿಸಿಕೊಳ್ಳುತ್ತಾನೆ, ಲೋಕ ತಿದ್ದುವುದಕ್ಕಿಂತ ತನ್ನನ್ನು ತಿದ್ದಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅದರ ಹೂರಣ. ಆಲ್ಬಂನ ಮೇಲೆ ಟೀಕಾಕಾರರು ಹೊರಿಸುವ ದೊಡ್ಡ ಆರೋಪವನ್ನು ಆಲ್ಬಂ ತಾನೇ ಇಲ್ಲಿ ಓದಿ ಹೇಳುತ್ತದೆ.

ಮುಕ್ತಾಯ ಬೇಗ ಬಂತು. 1993ರಲ್ಲಿ ವಿಲಿಯಂ ಎಸ್. ಬರೋಸ್ ತನ್ನ ಬರಹ ಓದಿದ ‘ಸ್ಪೇರ್ ಆ್ಯಸ್ ಆ್ಯನಿ ಅಂಡ್ ಅದರ್ ಟೇಲ್ಸ್’ ಬಂತು. ಹಾಲ್ ವಿಲ್ನರ್ ಅದರ ನಿರ್ಮಾಪಕ, ಸಂಗೀತ ಹೀರೋಸ್‌ದು. ಎಂಬತ್ತರ ಹೊಸ್ತಿಲಲ್ಲಿದ್ದ ಬೀಟ್ ಪೀಳಿಗೆಯ ಲೇಖಕನ ಒಣ ದನಿಯ ಹಿಂದೆ ತಂಡದ ತಾಳಗಳು ಹಗುರಾಗಿ, ಚೇಷ್ಟೆಯಿಂದ ಕುಣಿದವು. ಫ್ರಾಂಟಿಯ ಮಾತಿಗೆ ಜಾಗ ಬಿಡಬೇಕಿಲ್ಲದ ಕಾರಣ ಸಂಗೀತ ಅರಳಿತು ಎಂದು ಕೆಲವರು ಗೇಲಿ ಮಾಡಿದರೆ ಪೂರ್ತಿ ಅನ್ಯಾಯವಲ್ಲ. ಆ ವರ್ಷವೇ ತಂಡ ಮುಗಿಯಿತು. ಹಂಟರ್ ಜಾಝ್‌ಗೆ ಮರಳಿ ತನ್ನ ಮೂವರ ತಂಡ ಕಟ್ಟಿ ಮುಂದೆ ಬ್ಲೂ ನೋಟ್ ಸಂಸ್ಥೆಯವರೆಗೆ ಹೋದ. ಫ್ರಾಂಟಿ ‘ಸ್ಪಿಯರ್‌ಹೆಡ್’ ಕಟ್ಟಿ 1994ರಲ್ಲಿ ‘ಹೋಮ್’ ತಂದ: ಫಂಕ್, ಸೋಲ್, ನಗು, ಅಡುಗೆಮನೆ. ಅದರಲ್ಲೊಂದು ಹಾಡು ಎಚ್‌ಐವಿ ಪರೀಕ್ಷೆಗೆ ಹೋದವನದು. ವಿಷಯ ಹೀರೋಸ್ ಕಾಲದಷ್ಟೇ ಭಾರ, ಹೇಳುವವನು ಮಾತ್ರ ಸಾಲಿನಲ್ಲಿ ಕಾದು ಕೂತ ರೋಗಿ. 2009ರಲ್ಲಿ ‘ಸೇ ಹೇ’ ಎಂಬ ಪ್ರೇಮಗೀತೆ ಅಮೆರಿಕದ ಮೊದಲ 20 ಹಾಡುಗಳ ಪಟ್ಟಿಗೂ ಏರಿತು. ಕಟು ಮಾತು ಬಿಟ್ಟು ಸಿಹಿ ಹಂಚಲು ಹೊರಟದ್ದೇ ಹಳೆಯ ದಾರಿ ತಪ್ಪೆಂದು ಒಪ್ಪಿಕೊಂಡಂತೆ ಎಂದು ದೂರುದಾರರು ಬೀಗುತ್ತಾರೆ. ಸಮರ್ಥಕರೋ ಅವನು 2004ರಲ್ಲಿ ಗಿಟಾರ್ ಹೆಗಲಿಗೇರಿಸಿ ಯುದ್ಧದ ಬಾಗ್ದಾದಿಗೂ, ಇಸ್ರೇಲ್ ಪ್ಯಾಲೆಸ್ಟೈನ್‌ಗೂ ಹೋಗಿ ಚಿತ್ರ ಮಾಡಿದ್ದನ್ನು ತೋರಿಸುತ್ತಾರೆ: ರಾಜಕೀಯ ಬಿಡಲಿಲ್ಲ, ಕೇಳುವ ಕಿವಿ ಬೆಳೆಸಿಕೊಂಡ.

ಪರಂಪರೆಯ ಲೆಕ್ಕದಲ್ಲೂ ಇತ್ಯರ್ಥ ಸುಲಭವಿಲ್ಲ. ಇಂಡಸ್ಟ್ರಿಯಲ್ ಹಿಪ್‌ಹಾಪ್ ಆಮೇಲೆ ನಿಜಕ್ಕೂ ಬೆಳೆಯಿತು. ನ್ಯೂ ಜೆರ್ಸಿಯ ಡಾಲೆಕ್, ಲಾಸ್ ಏಂಜಲೀಸ್‌ನ ಕ್ಲಿಪಿಂಗ್, ಎಲ್ಲರಿಗಿಂತ ಹೆಚ್ಚಾಗಿ ಡೆತ್ ಗ್ರಿಪ್ಸ್. ಈ ಕೊನೆಯ ತಂಡ ಹುಟ್ಟಿದ್ದು ಫ್ರಾಂಟಿ ಬೆಳೆದ ಡೇವಿಸ್‌ನಿಂದ ಸುಮಾರು 25 ಕಿಲೋಮೀಟರ್ ದೂರದ ಸ್ಯಾಕ್ರಮೆಂಟೊದಲ್ಲಿ. 2012ರಲ್ಲಿ ಕಂಪನಿ ಬಿಡುಗಡೆಗೆ ತಡಮಾಡಿದಾಗ ಡೆತ್ ಗ್ರಿಪ್ಸ್ ತನ್ನ ಆಲ್ಬಂ ಅನ್ನು ತಾನೇ ಅಂತರ್ಜಾಲಕ್ಕೆ ಬಿಟ್ಟು ಎಪಿಕ್‌ನಿಂದ ಹೊರಬಿತ್ತು. ಉಪದೇಶದ ಒಂದು ಸಾಲಿಲ್ಲ. ವ್ಯವಸ್ಥೆಯ ವಿರೋಧ ನಡತೆಯಲ್ಲೇ ಇತ್ತು. ಈ ಹೊಸಬರು ಹೀರೋಸ್‌ನಿಂದ ಕಲಿತರೆಂದು ಗೆರೆ ಎಳೆಯುವ ಆಸೆ ಸಮರ್ಥಕರಿಗಿದೆ, ಆದರೆ ಸದ್ದಿನ ಸ್ವಭಾವವೇ ಬೇರೆ. ಗೆರೆ ಎಳೆಯದಿದ್ದರೂ ನಷ್ಟವಿಲ್ಲ. ಯಂತ್ರದ ಗದ್ದಲ ಮತ್ತು ರ‍್ಯಾಪ್ ಒಂದೇ ಸೂರಿನಡಿ ಬಾಳಬಲ್ಲವು ಎಂದು ಮೊದಲೇ ತೋರಿಸಿದವರ ಪಟ್ಟಿಯಲ್ಲಿ ಹೀರೋಸ್‌ಗೆ ಜಾಗವಿದೆ.

ಎರಡೂ ಕಡೆ ಕೇಳಿದ ಮೇಲೆ ನನ್ನ ತಕ್ಕಡಿ ನಿಲ್ಲುವುದು ಹೀಗೆ. ರಾಜಕೀಯ ಹೆಚ್ಚಾಯಿತು, ಸಂಗೀತ ಕಡಿಮೆಯಾಯಿತು ಎಂಬ ವಿಂಗಡಣೆಯೇ ತಪ್ಪು ಜಾಗದಲ್ಲಿ ಗೆರೆ ಎಳೆಯುತ್ತದೆ. 13 ಹಾಡುಗಳಲ್ಲೂ ರಾಜಕೀಯವಿದೆ. ಕೆಲವು ಇಂದಿಗೂ ಕೇಳಿಸಿಕೊಳ್ಳುತ್ತವೆ, ಕೆಲವು ದಾಖಲೆಯಾಗಿ ಮಾತ್ರ ಉಳಿದಿವೆ. ವ್ಯತ್ಯಾಸ ಹೇಳುವವನು ಎಲ್ಲಿ ನಿಂತಿದ್ದಾನೆ ಎಂಬುದರಲ್ಲಿದೆ. ಕೊಲ್ಲಿ ಯುದ್ಧದ ಹಾಡಿನಲ್ಲಿ, ವಿಲ್ಸನ್ ಹಾಡಿನಲ್ಲಿ ಫ್ರಾಂಟಿ ಕಟಕಟೆಯ ಆಚೆ ನಿಂತು ಬೆರಳು ತೋರುತ್ತಾನೆ. ತೋರಿಸಿಕೊಂಡವರು ಕಾಲಗರ್ಭ ಸೇರುತ್ತಿದ್ದಂತೆ ಬೆರಳಿಗೂ ಕೆಲಸವಿಲ್ಲ. ‘ಲ್ಯಾಂಗ್ವೇಜ್ ಆಫ್ ವಯಲೆನ್ಸ್’, ‘ಫೇಮಸ್ ಅಂಡ್ ಡ್ಯಾಂಡಿ’, ‘ಮ್ಯೂಸಿಕ್ ಅಂಡ್ ಪಾಲಿಟಿಕ್ಸ್’ಗಳಲ್ಲಿ ಅವನೂ ಅವನ ಸಮುದಾಯವೂ ಅವನ ಕಲೆಯೂ ಕಟಕಟೆಯೊಳಗೇ ಇವೆ. ಈ ನಿಯಮಕ್ಕೆ ಒಂದು ಅಪವಾದವನ್ನು ಪ್ರಾಮಾಣಿಕವಾಗಿ ಹೇಳಬೇಕು: ‘ಟೆಲಿವಿಷನ್’. ಅದು ಶುದ್ಧ ತೋರುಬೆರಳಿನ ಹಾಡು, ಅದರ ವಾದ ಅರ್ಧ ಸತ್ಯ, ಆದರೂ ಇಂದಿಗೂ ಎದೆಗೆ ಗುದ್ದುತ್ತದೆ. ಅದನ್ನು ಉಳಿಸಿದ್ದು ಫ್ರಾಂಟಿಯ ತರ್ಕಕ್ಕಿಂತ ತ್ಸೆಯ ಕಬ್ಬಿಣ.

ಹಾಗಾದರೆ ಮೂರೇ ವರ್ಷಕ್ಕೆ ಮುಗಿದದ್ದು ಸೋಲೇ? ಮಾರಾಟದ ಲೆಕ್ಕದಲ್ಲಿ, ಹಿಪ್‌ಹಾಪ್‌ನ ಓಣಿಗಳಲ್ಲಿ ಹೆಸರು ನಿಂತ ಲೆಕ್ಕದಲ್ಲಿ ಸೋಲೆಂದರೆ ತಕರಾರಿಲ್ಲ. ದಿ ಕೂ ತಂಡದ ಬಾಳಿಕೆ ಇವರಿಗೆ ಬರಲಿಲ್ಲ. ಆದರೆ ಸ್ವಂತ ಸೋಗನ್ನು ಬಯಲು ಮಾಡುವುದನ್ನೇ ಕಸುಬು ಮಾಡಿಕೊಂಡ ತಂಡ ಹತ್ತು ವರ್ಷ ಅದನ್ನೇ ಮಾಡುತ್ತ ಕೂತಿದ್ದರೆ ಬಯಲು ಮಾಡುವುದೇ ಒಂದು ಸೋಗಾಗುತ್ತಿತ್ತು. ಕ್ರೀಡಾಂಗಣದ ವೇದಿಕೆಯಲ್ಲಿ ಅದರ ಸೂಚನೆ ಆಗಲೇ ಕಂಡಿತ್ತು. ಒಂದು ಆಲ್ಬಂನಲ್ಲಿ ಹೇಳಬಹುದಾದಷ್ಟನ್ನು ಹೇಳಿ, ಕೊನೆಕೊನೆಗೆ ತಮ್ಮ ವಿರುದ್ಧವೇ ಸಾಕ್ಷಿ ನುಡಿದು ನಿಲ್ಲಿಸಿದರು. ಅರ್ಧ ಹಾಡುಗಳಿಗೆ ದೂರುದಾರರ ತೀರ್ಪು ಸರಿ, ಇನ್ನರ್ಧಕ್ಕೆ ಸಮರ್ಥಕರದು; ನಿಲ್ಲಿಸಿದ್ದು ಸರಿ ಎಂಬುದನ್ನು ಮಾತ್ರ ಎರಡೂ ಕಡೆಯವರು ಒಪ್ಪಬಹುದು.